ಹೊಸನಗರದಲ್ಲಿ ಇಲ್ಲದ ಆಫೀಸು

ಸ್ನೇಹಿತರೇ, ನಾನು ಸಾಗರದ ಆಡಿಟರ್ ಒಬ್ಬರ ವೆಬ್‌ಸೈಟಿಗೆ ಲೇಖನ ಬರೆಯುತ್ತೇನೆ. ಇವತ್ತು ಮಧ್ಯಾಹ್ನ ಅವರ ಆಫೀಸಿನಲ್ಲಿ ಕೂತಿದ್ದಾಗ, ಮೇಳಿಗೆ ಅನ್ನುವ ಊರಿನಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸೊಬ್ಬರು ಬಂದರು. ಕೈಯಲ್ಲಿ ಜಿಎಸ್‌ಟಿ ನೋಟಿಸು. ಉತ್ತರ ಕೊಡಲು ಇವತ್ತೇ ಕೊನೆಯ ದಿನ.

"ಬೆಳಿಗ್ಗೆಯಿಂದ ಹೊಸನಗರದಲ್ಲಿ ನಿಮ್ಮ ಆಫೀಸು ಹುಡುಕ್ದೆ. ಕೊನೆಗೆ ಜೆರಾಕ್ಸ್ ಅಂಗಡಿಯವ್ರು ಸಾಗರಕ್ಕೆ ಹೋಗಿ ಅಂದ್ರು."

"ಹೊಸನಗರದಲ್ಲಿ ನಮ್ಮ ಆಫೀಸೇ ಇಲ್ವಲ್ಲಮ್ಮ," ಅಂದರು ಆಡಿಟರ್.

ಆಕೆ ಮೊಬೈಲ್ ತೋರಿಸಿದರು. ನಾನು ಬರೆದ ಲೇಖನ. 'ಹೊಸನಗರದ ಅತ್ಯುತ್ತಮ ಆಡಿಟರ್' ಅಂತ ಎಂಟು ಕಡೆ ಇತ್ತು.

"ಅದು ಕೀವರ್ಡ್ ಅಮ್ಮ. ಯಾರಾದ್ರೂ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಹೆಸರು ಮೇಲೆ ಬರ್ಲಿ ಅಂತ ಹಾಕಿದ್ದು," ಅಂದೆ.

"ಮೇಲೇನೋ ಬಂತು. ಅದನ್ನ ಓದಿ ನಾನು ಬಸ್ ಹತ್ತಿದ್ನಲ್ಲ."

ಆಡಿಟರ್ ಊಟಕ್ಕೂ ಏಳದೆ ಕೂತು, ಮೂರು ಗಂಟೆಗೆ ನೋಟಿಸಿನ ಉತ್ತರ ಅಪ್‌ಲೋಡ್ ಮಾಡಿದರು. ಆಕೆ ಹೊರಟ ಮೇಲೆ ನನ್ನ ಕಡೆ ತಿರುಗಿ, "ಈಗ್ಲೇ ತೆಗೀರಿ," ಅಂದರು.

ಎಂಟೂ ತೆಗೆದೆ. 'ನಮ್ಮ ಆಫೀಸು ಸಾಗರದಲ್ಲಿ ಮಾತ್ರ ಇದೆ' ಅಂತ ಮೊದಲ ಸಾಲಿಗೇ ಸೇರಿಸಿದೆ.

ಎರಡು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಲೇಖನವನ್ನು ಮನುಷ್ಯರೂ ಓದುತ್ತಾರೆ ಅಂತ ಗೊತ್ತಾಗಿದ್ದು ಇವತ್ತೇ.