ಲುಸಾಕಾದ ಹೈಸ್ಕೂಲಿನಲ್ಲಿ ಮಗಳ ತರ್ಜುಮೆ

ಜಾಂಬಿಯಾಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದೆ. ನನ್ನ ಗಂಡ ಇಲ್ಲಿಯ ತಾಮ್ರದ ಗಣಿಯೂರಿನಲ್ಲಿ ಡಾಕ್ಟರು. ಮಗಳು ಗಂಗಾ ರಾಜಧಾನಿ ಲುಸಾಕಾದಲ್ಲಿ, ಹಲವು ದೇಶಗಳ ಮಕ್ಕಳು ಓದುವ ಹೈಸ್ಕೂಲಿನ ಹಾಸ್ಟೆಲಿನಲ್ಲಿದ್ದಾಳೆ. ಅವಳಿಗೆ ಅಲ್ಲಿ ಹೊಂದದಿದ್ದರೆ ಕರೆದುಕೊಂಡು ಹೋಗಿ, ನನ್ನ ತವರೂರಾದ ಇಂಡಿಯಲ್ಲೇ ಓದಿಸಬೇಕೆಂದು ಇವತ್ತು ಬಸ್ಸು ಹತ್ತಿ ಬಂದೆ.

ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು, ಇಂಗ್ಲಿಷು ಬರುವುದಿಲ್ಲ. ಹಾಗಾಗಿ ಹೆಡ್ ಮೇಡಂ ಹೇಳಿದ್ದನ್ನೆಲ್ಲ ಗಂಗಾಳೇ ನನಗೆ ಕನ್ನಡದಲ್ಲಿ ಹೇಳಬೇಕಾಯಿತು.

“ನಾ ಭಾಳ ಜೋರ ಮಾತಾಡ್ತೇನಂತವ್ವಾ. ಮಾಸ್ತರ ಜೋಡಿ ವಾದಾ ಹಾಕ್ತೇನಂತ. ಲೆಕ್ಕದಾಗೂ ಹಿಂದ ಬಿದ್ದೇನಂತ.”

ತನ್ನ ಮೇಲಿನ ದೂರನ್ನೇ ಅವಳು ಒಂದು ಮಾತೂ ನುಂಗದೆ ಒಪ್ಪಿಸುತ್ತಿದ್ದುದು ನನಗೆ ಆಶ್ಚರ್ಯವೆನಿಸಿತು.

“ನಮ್ಮ ಕಡೆ ಎಲ್ಲಾರೂ ಹಿಂಗ ಮಾತಾಡ್ತಾರ, ಸಿಟ್ಟಲ್ಲ ಅಂತ ಹೇಳು ಅವರಿಗೆ,” ಎಂದೆ.

ಅದನ್ನು ಕೇಳಿ ಮೇಡಂ ನಕ್ಕರು. ಗಂಗಾಳ ಕಡೆ ನೋಡಿ ಮತ್ತೇನೋ ಹೇಳಿದರು.

“ಏನಂದ್ರು?” ಎಂದು ಕೇಳಿದೆ.

“ಏನಿಲ್ಲ ಬಿಡವ್ವಾ.”

“ಹೇಳಂದ್ರ ಹೇಳಬೇಕು.”

ಅವಳು ನೆಲ ನೋಡುತ್ತಾ ಹೇಳಿದಳು: “ಹೊಸದಾಗಿ ಬಂದ ಹುಡುಗ್ಯಾರು ಮನಿ ನೆನಸಿ ಅತ್ರ, ಅವರನ್ನ ನನ್ನ ಖೋಲಿಗೇ ಕಳಸ್ತಾರಂತ.”

ಅವಳನ್ನು ಇಂಡಿಗೆ ಕರೆದೊಯ್ಯುವ ಮಾತು ನಾನು ಎತ್ತಲಿಲ್ಲ. ಗಂಟೆ ಹೊಡೆಯಿತು, ಅವಳು ಕ್ಲಾಸಿಗೆ ಓಡಿದಳು. ಈಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು, ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತಿದ್ದೇನೆ. ಉಪ್ಪು ಖಾರ ಏನೂ ಹಚ್ಚಿಲ್ಲ, ಆದರೂ ರುಚಿಯಾಗಿದೆ.