ಗಡಿಯಾರದವರ ನಾಯಿಗೆ ಹತ್ತಿದ ಕೆರೆತ

ನಮ್ಮ ಬೀದಿಯ ಗಡಿಯಾರ ರಿಪೇರಿಯವರಿಗೆ ಗೊತ್ತಿಲ್ಲದ ವಿಷಯವೊಂದು ಭೂಮಿಯ ಮೇಲೆ ಇದ್ದಿದ್ದರೆ, ಅದು ಅವರಿಗೆ ಹೆದರಿ ತಲೆಮರೆಸಿಕೊಂಡಿರಬೇಕು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದುಕೊಂಡೇ ಗಿರಾಕಿಗಳ ಮೊಣಕಾಲು ನೋವಿಗೆ, ಸೋರುವ ನಲ್ಲಿಗೆ, ಮಾತು ಕೇಳದ ಅಳಿಯನಿಗೆ ಪರಿಹಾರ ಹೇಳುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ, ಅದು ಬೇರೆ ಮಾತು.

"ಎಲ್ಲದಕ್ಕೂ ಕಾರಣ ಇರುತ್ತೆ. ಬಿಚ್ಚಿ ನೋಡ್ಬೇಕು, ಅಷ್ಟೇ" ಎನ್ನುತ್ತಿದ್ದರು.

ಅಂಥವರ ನಾಯಿಗೇ ಕೆರೆತ ಹತ್ತಿತು. ಕಂದು ಬಣ್ಣದ, ನಾಲ್ಕು ವರ್ಷದ ಸಾಧು ಹೆಣ್ಣುನಾಯಿ. ಕೂತರೆ ಕಾಲೆತ್ತಿ ಕೆರೆಯುವುದು, ಮಲಗಿದರೆ ಬಾಲದ ಬುಡ ಕಚ್ಚುವುದು. ಹದಿನೈದು ದಿನದಲ್ಲಿ ಅಲ್ಲಿನ ಕೂದಲುದುರಿ ಕೆಂಪು ಚರ್ಮ ಕಂಡಿತು.

"ಡಾಕ್ಟರಿಗೆ ತೋರ್ಸೋಣ್ರೀ" ಎಂದರು ಹೆಂಡತಿ.

"ನಾನಿರೋವಾಗ ಡಾಕ್ಟರ್ ಯಾಕೆ? ದಿನಾ ಮೊಟ್ಟೆ ತಿನ್ನುತ್ತಲ್ಲ, ಅದರ ಉಷ್ಣ."

ಮೊಟ್ಟೆ ನಿಂತಿತು, ಕೆರೆತ ನಿಲ್ಲಲಿಲ್ಲ. ಹಾಗಾದರೆ ಕೊಳೆ ಎಂದು ತೀರ್ಪಾಯಿತು. ತಮ್ಮದೇ ಪರಿಮಳದ ಸೋಪು ಹಾಕಿ ವಾರಕ್ಕೆ ಮೂರು ಸ್ನಾನ ಮಾಡಿಸಿದರು. ಚರ್ಮ ಒಣಗಿ ಹೊಟ್ಟು ಉದುರತೊಡಗಿತು. ನಾಯಿ ಮದುಮಗಳ ಹಾಗೆ ಘಮಘಮಿಸುತ್ತ ಇನ್ನಷ್ಟು ಕೆರೆದುಕೊಂಡಿತು. ಆಮೇಲೆ ಎದುರಂಗಡಿಯ ಕ್ಷೌರಿಕರು ತಮ್ಮ ಕಾಲ್ಬೆರಳಿಗೆ ಹಚ್ಚಿಕೊಂಡು ಮಿಕ್ಕಿದ್ದ ಮುಲಾಮು ಬಂತು. ನಾಯಿ ಅದನ್ನು ನೆಕ್ಕಿ, ಅಂಗಡಿಯ ಹೊಸ್ತಿಲಲ್ಲೇ ವಾಂತಿ ಮಾಡಿ, ಚಿಕಿತ್ಸೆಯ ಬಗ್ಗೆ ತನ್ನ ಅಭಿಪ್ರಾಯ ತಿಳಿಸಿತು.

"ನೀವು ಬಿಚ್ಚಿ ನೋಡಿದ್ದು ಸಾಕು" ಎಂದು ಹೆಂಡತಿ ನಾಯಿಯ ಕೊರಳಿಗೆ ಹಗ್ಗ ಹಾಕಿ ಹೊರಟೇಬಿಟ್ಟರು. ಡಾಕ್ಟರಿಗೆ ಮಾರ್ಗದರ್ಶನ ಬೇಕಾದೀತೆಂದು ಗಡಿಯಾರದವರೂ ಹಿಂದೆ ನಡೆದರು.

ನಾಯಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಪುಡಿಯ ಸುತ್ತ ಕೆಂಪು ಬಣ್ಣ ಬಿಟ್ಟಿತು.

"ಚಿಗಟದ ಹಿಕ್ಕೆ ಇದು. ಕುಡಿದ ರಕ್ತ, ಅದಕ್ಕೇ ಕೆಂಪು."

"ಚಿಗಟಾನಾ? ನಾನು ಭೂತಗನ್ನಡಿ ಹಾಕ್ಕೊಂಡು ನೋಡಿದೀನಮ್ಮ. ಒಂದೂ ಇಲ್ಲ!"

"ಇದ್ದಿದ್ದನ್ನ ನಾಯಿನೇ ಕಚ್ಚಿ ನುಂಗಿರುತ್ತೆ. ಚಿಗಟದ ಎಂಜಲು ಇದಕ್ಕೆ ಆಗಲ್ಲ ಸಾರ್. ಒಂದೆರಡು ಕಚ್ಚಿದ್ರೂ ಸಾಕು, ವಾರಗಟ್ಟಲೆ ಕೆರೆತ. ಎಲ್ಲಿ ಮಲಗುತ್ತೆ?"

"ಹಿಂದಿನ ವರಾಂಡದಲ್ಲಿ. ಒಳಗೆ ಬಿಡೋದೇ ಇಲ್ಲ. ನಮ್ಮನೇಲಿ ಶಿಸ್ತು ಅಂದ್ರೆ ಶಿಸ್ತು."

ಹೆಂಡತಿ ಕೆಮ್ಮಿದರು. "ಮಧ್ಯಾಹ್ನ ಇವರ ಹಾಸಿಗೆ ಮೇಲೆ, ಇವರ ಪಕ್ಕದಲ್ಲೇ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ."

ಡಾಕ್ಟರ ಕಣ್ಣು ಗಡಿಯಾರದವರ ಪಾದದ ಗಂಟಿನ ಕಡೆ ಇಳಿಯಿತು. ಅಲ್ಲಿ ಸಾಲಾಗಿ ಕೆಂಪು ಚುಕ್ಕೆಗಳು. ಒಂದು ತಿಂಗಳಿಂದ ಅವರು ಅದನ್ನು ಬೆವರುಸಾಲೆ ಎಂದು ಸಾರುತ್ತಿದ್ದರು.

ಡಾಕ್ಟರು ನಾಯಿಯ ಕತ್ತಿನ ಹಿಂದೆ ಔಷಧಿಯ ಹನಿ ಬಿಟ್ಟರು. ತಿಂಗಳಿಗೊಮ್ಮೆ ತಪ್ಪದೆ ಬಿಡಬೇಕು. ಕೆರೆತಕ್ಕೂ, ಕಚ್ಚಿ ಕಚ್ಚಿ ಬಾಲದ ಬುಡದಲ್ಲಿ ಕೀವಾಗಿದ್ದ ಗಾಯಕ್ಕೂ ಕೆಲವು ದಿನದ ಮಾತ್ರೆ ಕೊಟ್ಟರು. ಮನುಷ್ಯರ ಸೋಪು, ಮುಲಾಮು ಮುಟ್ಟಿಸಬಾರದು. "ಎಲ್ಲಾ ನಾಯಿಗೂ ಇದೇ ಕಾರಣ ಅಂತಲ್ಲ. ಕಜ್ಜಿ ಹುಳ ಇರ್ಬಹುದು, ಆಹಾರ ಒಗ್ಗದೆ ಇರ್ಬಹುದು, ನೋಡಿನೇ ಹೇಳ್ಬೇಕು. ನಿಮ್ಮನೇಲಿ ಮಾತ್ರ ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ, ಮೂಲೆಮೂಲೆ ಗುಡಿಸಿ. ಮೂರು ತಿಂಗಳಾದ್ರೂ ಬಿಡಬೇಡಿ. ಚಿಗಟದ ಮೊಟ್ಟೆ ಅಲ್ಲೆಲ್ಲಾ ಬಿದ್ದಿರುತ್ತೆ."

"ಮೊಟ್ಟೆ!" ಗಡಿಯಾರದವರು ಹೆಂಡತಿಯ ಕಡೆ ತಿರುಗಿದರು. "ಮೊಟ್ಟೆಯಿಂದಲೇ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?"

ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಮಂಚದ ಕೆಳಗೆ ಮಂಡಿಯೂರಿ ಗುಡಿಸಿದವರು ಅವರೇ, ಕಂಬಳಿ ಬಿಸಿನೀರಿಗೆ ಅದ್ದಿದವರೂ ಅವರೇ. ಹೆಂಡತಿ ಕುರ್ಚಿಯಲ್ಲಿ ಕೂತು ಮೂಲೆಗಳನ್ನು ತೋರಿಸಿದರು. ಎರಡನೇ ತಿಂಗಳ ಹೊತ್ತಿಗೆ ನಾಯಿಯ ಬಾಲದ ಬುಡದಲ್ಲಿ ಹೊಸ ಕೂದಲು ಮೂಡಿತು. ಒಂದು ಮಧ್ಯಾಹ್ನ ಅದು ಒಮ್ಮೆಯೂ ಕಾಲೆತ್ತದೆ ಗೊರಕೆ ಹೊಡೆದು ಮಲಗಿದ್ದನ್ನು ಅವರು ಕೆಲಸ ಬಿಟ್ಟು ಬಹಳ ಹೊತ್ತು ನೋಡಿದರು. ಸೋಪಿನ ದಿನಗಳನ್ನು ನೆನೆದು ಅದರ ತಲೆ ಮೆಲ್ಲಗೆ ಸವರಿದರು.

ಸ್ವಲ್ಪ ದಿನಕ್ಕೆ ಬೇಕರಿಯವರು ಕಿವಿ ಕೆರೆದುಕೊಳ್ಳುವ ತಮ್ಮ ನಾಯಿಯನ್ನು ಎಳೆದುಕೊಂಡು ಬಂದರು. "ಯಾವ ಎಣ್ಣೆ ಬಿಡ್ಲಿ ಯಜಮಾನ್ರೇ?"

ಗಡಿಯಾರದವರು ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ನಂಗೊತ್ತಿಲ್ಲ. ಡಾಕ್ಟರಿಗೆ ತೋರಿಸಿ."

ಒಳಗಿದ್ದ ಹೆಂಡತಿ ಸೌಟು ಹಿಡಿದೇ ಓಡಿಬಂದು, ಅವರ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.