ಬ್ಲೌಸಿನ ಹೇಮಲತಾ ಮತ್ತು ನಾಲ್ಕು ಗಂಟೆಯ ಎಣ್ಣೆ

ಇಂಗ್ಲಿಷರ ನಾಡಿನ ವಿದನ್‌ಶಾ ಎಂಬ ಊರಿನ ಕನ್ನಡ ಹೆಂಗಸರ ತೋಳು, ಬೆನ್ನು, ಸೊಂಟಗಳ ಅಳತೆ ಗೊತ್ತಿದ್ದದ್ದು ಇಬ್ಬರಿಗೆ: ದೇವರಿಗೆ ಮತ್ತು ಹೇಮಲತಾಗೆ. ದೇವರು ಬರೆದಿಟ್ಟುಕೊಂಡಿರಲಿಲ್ಲ. ಹೇಮಲತಾ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ವರ್ಷವಾರು ಬರೆದಿಟ್ಟುಕೊಂಡಿದ್ದರು. ಯಾರು ಯಾವ ವರ್ಷ ಎರಡಿಂಚು ಅಗಲವಾದರೆಂದು ಅದರಲ್ಲಿತ್ತು. ಹಾಗಾಗಿ ಅವರ ಮುಂದೆ ಯಾರೂ ಹೆಚ್ಚು ಜಂಬ ಮಾಡುತ್ತಿರಲಿಲ್ಲ.

ದಾವಣಗೆರೆಯಿಂದ ಮದುವೆಯಾಗಿ ಬಂದವರು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಚಾದರ, ಗುಂಡಿ ಕಿತ್ತ ಗೌನುಗಳನ್ನು ಹೊಲಿದರು. ನಿವೃತ್ತಿಯಾದ ಮೇಲೆ ಗಂಡ ತೀರಿಕೊಂಡರು. ಹೇಮಲತಾ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟು, ಒಂದು ಮೂಲೆಗೆ ಅಳತೆಯ ಪರದೆ ಕಟ್ಟಿದರು. ಹಬ್ಬ ಬಂತೆಂದರೆ ಕನ್ನಡ ಸಂಘದ ಹೆಂಗಸರು ಪೋಸ್ಟ್‌ಕೋಡ್ ಕೇಳಿಕೊಂಡು ಬರುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಯಂತ್ರದ ಸದ್ದೇ ಸಂಸಾರ.

ಅರವತ್ತಾರಕ್ಕೆ ಎಡಪಕ್ಕೆಗೆ ಸರ್ಪಸುತ್ತು ಬಂತು. ಗುಳ್ಳೆ ಒಣಗಿತು, ಉರಿ ಉಳಿಯಿತು. ಊರಿಗೆಲ್ಲ ಬ್ಲೌಸು ಹೊಲಿಯುವ ಹೆಂಗಸು ಮೈಮೇಲೆ ಬ್ಲೌಸು ತಾಗಿದರೆ ಹಲ್ಲು ಕಚ್ಚುವಂತಾಯಿತು. ಗೆಳತಿ ಅಂಬುಜಾ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಕೆಮ್ಮಣ್ಣು ತಂದು ಹಚ್ಚಿಸಿದರು. ಉರಿ ಹಾಗೇ ಇತ್ತು, ಮೂರು ಬೆಡ್‌ಶೀಟು ಕೆಂಪಾದವು. ಬಡಾವಣೆಯ ಜಿಪಿ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಮಂಪರು. ಆ ಮಂಪರಿನಲ್ಲಿ ಮಧುರಾ ಎಂಬ ಹುಡುಗಿಯ ರೇಷ್ಮೆ ಬ್ಲೌಸಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟರು. ಕೊನೆಗೆ ಒಬ್ಬ ತಜ್ಞ ವೈದ್ಯರು, ಬೇರೇನೂ ಹಿಡಿಸಲಿಲ್ಲವೆಂದು ಖಾತ್ರಿಯಾದ ಮೇಲೆ, ಗಾಂಜಾ ಗಿಡದ ಎಣ್ಣೆ ಬರೆದುಕೊಟ್ಟರು. ವೈದ್ಯರು ಬರೆದರೆ ಈ ದೇಶದಲ್ಲಿ ಅದು ಕಾನೂನಿಗೆ ಒಪ್ಪಿಗೆಯಾಗಿ ಕೆಲವು ವರ್ಷವಾಗಿದೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ ನಾಲಿಗೆಯಡಿ ಹನಿ. ಒಂದು ತಿಂಗಳಲ್ಲಿ ಹೇಮಲತಾ ಬ್ಲೌಸು ತೊಟ್ಟು ಯಂತ್ರದ ಮುಂದೆ ಕೂತರು.

ಬಾಟಲಿ ಯಂತ್ರದ ದಾರ ಸುತ್ತುವ ಬಾಬಿನ್ ಡಬ್ಬಿಯಲ್ಲಿ ಅಡಗಿತ್ತು. ಅಂಬುಜಾಗೂ ಹೇಳಲಿಲ್ಲ. ಸಂಘದವರಿಗೆ ಗಾಂಜಾ ಎಂದರೆ ಬಸ್‌ಸ್ಟಾಪಿನ ಹಿಂದೆ ಹೊಗೆಯಾಡುವ ಪಡ್ಡೆಗಳು. ವಿಷಯ ಗೊತ್ತಾದ ಮರುದಿನದಿಂದ ಯಾರೂ ತೋಳೆತ್ತಿ ತಮ್ಮ ಮುಂದೆ ನಿಲ್ಲುವುದಿಲ್ಲ, ಯಂತ್ರ ನಿಂತುಹೋಗುತ್ತದೆ ಎಂಬುದು ಹೇಮಲತಾ ಅವರ ಲೆಕ್ಕ.

ಹೀಗಿರುವಾಗ ಅಂಬುಜಾ ಅವರ ಮಗ ದರ್ಶನ್ ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆಯ, ಚುನಾವಣೆಗೆ ನಿಂತ. ಏರ್‌ಪೋರ್ಟಿನ ಕಂಪ್ಯೂಟರ್ ವಿಭಾಗದಲ್ಲಿ ಮ್ಯಾನೇಜರು, ಒಳ್ಳೆಯ ಹುಡುಗ, ಅಂದರೆ ಬೇಸರ ಹುಟ್ಟಿಸುವ ಹುಡುಗ. ಮುಚ್ಚಿಹೋದ ಬ್ಯಾಂಕಿನ ಕಟ್ಟಡಕ್ಕೆ ನೋವಿನ ಕ್ಲಿನಿಕ್ ಒಂದು ಬರುವುದಿತ್ತು, ಅಲ್ಲಿ ಈ ಎಣ್ಣೆಯನ್ನೂ ಬರೆದುಕೊಡುವರಂತೆ. ದರ್ಶನ್ ಅದನ್ನೇ ಹಿಡಿದ: ನಮ್ಮ ಬೀದಿಗೆ ಗಾಂಜಾ ಬೇಡ. ಯಾವ ವೈದ್ಯ ಯಾವ ಔಷಧಿ ಬರೆಯಬೇಕೆಂದು ತೀರ್ಮಾನಿಸುವುದು ಕೌನ್ಸಿಲ್‌ ಕೆಲಸವೇ ಅಲ್ಲ. ಆದರೆ ಕಸದ ಬುಟ್ಟಿಯ ವಿಷಯದಲ್ಲಿ ಅಷ್ಟು ಆವೇಶ ಬರುವುದಿಲ್ಲವಲ್ಲ.

ಭಾರತದ ಪಾಸ್‌ಪೋರ್ಟಿನವರಿಗೂ ಇಲ್ಲಿ ವೋಟಿದೆ. ದರ್ಶನ್ ಕನ್ನಡದವರ ನಲವತ್ತಮೂರು ಮನೆಗೂ ಹೋದ. ಹೋದಲ್ಲೆಲ್ಲ ಕಾಫಿ, ಉಪ್ಪಿಟ್ಟು, ಹೆಂಡತಿ ಶುಭಾಗೆ ಅರಿಶಿನ ಕುಂಕುಮ. ಬೇಡ ಎಂದವರು ಒಬ್ಬರೂ ಇಲ್ಲ. ಕಾಫಿ ಕೊಟ್ಟ ಮನೆಗೆ ತನ್ನ ಪಟ್ಟಿಯಲ್ಲಿ ಹಸಿರು ಬಣ್ಣ, ಸಿಹಿಯನ್ನೂ ಕೊಟ್ಟರೆ ಗಾಢ ಹಸಿರು. ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನಲು ನಮ್ಮವರಿಗೆ ಬಾಯಿಲ್ಲ ಎಂಬುದು ಅವನಿಗೆ ಗೊತ್ತಿರಲೇಬೇಕಿತ್ತು. ತಾನೂ ಅದೇ ಜಾತಿಯವನು.

ಹೇಮಲತಾ ಅವರೂ ಕಾಫಿ ಕೊಟ್ಟರು. ಸಂಘದ ಸಭೆಯಲ್ಲಿ ಹಿರಿಯರಾಗಿ ನಾಲ್ಕು ಮಾತಾಡಬೇಕು, ಶಾಲು ಹೊದಿಸುತ್ತೇವೆ ಎಂದು ದರ್ಶನ್ ಕೇಳಿಕೊಂಡ. ನೋಡೋಣ ಎಂದರು. ನೋಡೋಣ ಎಂದರೆ ಆಗಲ್ಲ ಎಂದರ್ಥ, ಅವನು ಆಗಲಿ ಎಂದುಕೊಂಡ. ಎದ್ದು ಹೋಗುವಾಗ ಹೇಳಿದ ಮಾತು ಮಾತ್ರ ಹೇಮಲತಾ ಅವರಿಗೆ ಉರಿಯ ಜಾಗಕ್ಕೇ ತಾಗಿತು.

“ಅದನ್ನ ತಗೊಳ್ಳೋರಿಗೆ ನೋವೂ ಇಲ್ಲ ಗೀವೂ ಇಲ್ಲ ಆಂಟಿ. ಬರೀ ಡ್ರಾಮಾ.”

ಶನಿವಾರ ಮಧ್ಯಾಹ್ನ ಚರ್ಚ್ ಹಾಲಿನಲ್ಲಿ ಸಭೆ. ಹೋಗಬಾರದೆಂದಿದ್ದ ಹೇಮಲತಾ ಆ ಮಾತಿಗಾಗಿಯೇ ಹೋದರು. ಪ್ರಾರ್ಥನೆ, ಸ್ವಾಗತ, ಸ್ವಾಗತಕ್ಕೊಂದು ಸ್ವಾಗತ ಎಲ್ಲ ಮುಗಿದು ಹೇಮಲತಾ ಮೈಕಿನ ಮುಂದೆ ಬರುವಷ್ಟರಲ್ಲಿ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಅವರು ಚೀಲದಿಂದ ಬಾಬಿನ್ ಡಬ್ಬಿ ತೆಗೆದು, ಬಾಟಲಿ ತೆರೆದು, ನಾಲಿಗೆಯಡಿ ಹನಿ ಬಿಟ್ಟುಕೊಂಡರು. ಹಾಗೇ ಒಂದು ನಿಮಿಷ ಬಾಯಿ ಮುಚ್ಚಿರಬೇಕು. ಸಂಘದ ವೇದಿಕೆಯಲ್ಲಿ ಮೈಕು ಹಿಡಿದು ಒಂದು ನಿಮಿಷ ಸುಮ್ಮನಿದ್ದವರು ಅವರೇ ಮೊದಲಿಗರು.

“ದರ್ಶನ್ ಬೇಡ ಅಂತಿರೋದು ಇದನ್ನೇ,” ಎಂದರು ಆಮೇಲೆ. “ಡಾಕ್ಟರು ಬರೆದು ಕೊಟ್ಟಿರೋ ಗಾಂಜಾ ಎಣ್ಣೆ. ಇದಿಲ್ಲದೆ ನಾನು ಹೊಲಿದ ಬ್ಲೌಸು ಮಧುರಾಗೆ ನೆನಪಿರುತ್ತೆ, ಎರಡೂ ಎಡತೋಳು. ಇವತ್ತು ನೀವು ಹಾಕ್ಕೊಂಡಿರೋದ್ರಲ್ಲಿ ಹದಿನಾಲ್ಕು ಬ್ಲೌಸು ಇದನ್ನ ತಗೊಂಡು ಹೊಲಿದಿದ್ದು. ಹೊಲಿಗೆ ಸೊಟ್ಟಗಿದ್ರೆ ಎದ್ದು ನಿಂತು ಹೇಳಿ.”

ಯಾರೂ ನಿಲ್ಲಲಿಲ್ಲ. ಹದಿನಾಲ್ಕು ಹೆಂಗಸರು ತಲೆ ತಗ್ಗಿಸಿ ತಮ್ಮ ತಮ್ಮ ತೋಳು ನೋಡಿಕೊಂಡರು. ಶಾಲು ತಂದಾಗಿತ್ತಾದ್ದರಿಂದ ದರ್ಶನ್ ಅದನ್ನು ಹೇಮಲತಾ ಅವರಿಗೇ ಹೊದಿಸಿದ. ಫೋಟೋ ತೆಗೆದರು. ವಂದನಾರ್ಪಣೆಯಲ್ಲಿ ಅವರ ಅಮೂಲ್ಯ ವಿಚಾರಗಳಿಗೆ ಕೃತಜ್ಞತೆ ಸಂದಿತು.

ಆಮೇಲೆ ಒಂಬತ್ತು ದಿನ ಯಾರೂ ಬರಲಿಲ್ಲ. ಫೋನೂ ಇಲ್ಲ. ಹೇಮಲತಾ ಯಂತ್ರಕ್ಕೆ ಎಣ್ಣೆ ಬಿಟ್ಟರು, ಒರೆಸಿದರು, ಕವಚ ಹಾಕಿದರು. ಬಾಟಲಿ ತೋರಿಸದೆ, ಡ್ರಾಮಾ ಎನಿಸಿಕೊಂಡೇ ಇರಬಹುದಿತ್ತೇನೋ ಎಂದು ಒಂದು ಸಲ ಅನ್ನಿಸಿತು. ಎರಡನೆಯ ಸಲ ಅನ್ನಿಸಲು ಅವರು ಬಿಡಲಿಲ್ಲ.

ಹತ್ತನೆಯ ದಿನ ಮಧುರಾ ಬಂದಳು, ಅದೇ ಎಡತೋಳಿನ ರೇಷ್ಮೆ ಬ್ಲೌಸು ಹಿಡಿದು. ಪರದೆಯ ಹಿಂದೆ ತೋಳೆತ್ತಿ ನಿಂತವಳು, ಅಪ್ಪನಿಗೆ ನರದ ನೋವು, ಆ ಎಣ್ಣೆ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ತಾನು ದರ್ಜಿ, ಡಾಕ್ಟರಲ್ಲ, ಎಲ್ಲರಿಗೂ ಆಗುವುದಿಲ್ಲ, ಡಾಕ್ಟರನ್ನೇ ಕೇಳಬೇಕು ಎಂದು ಹೇಮಲತಾ ಗದರಿ, ಅಳತೆ ಬರೆದುಕೊಂಡರು. ಒಂದಿಂಚು ಹೆಚ್ಚಾಗಿತ್ತು. ಮರುದಿನ ಇಬ್ಬರು ಬಂದರು, ವಾರದ ಕೊನೆಗೆ ಐವರು. ಎಲ್ಲರಿಗೂ ಸಣ್ಣದೊಂದು ಹೊಲಿಗೆ ಕೆಲಸ, ದೊಡ್ಡದೊಂದು ಪ್ರಶ್ನೆ. ಮಧುರಾ ಅಳತೆ ಕೊಟ್ಟು ಹೋದ ಸಂಜೆಯೇ ಅವಳ ಮನೆಗೆ ದರ್ಶನ್ ಎರಡನೆಯ ಸಲ ಹೋಗಿದ್ದ. ಕಾಫಿಯ ಜೊತೆ ಕೇಸರಿಬಾತು ಸಿಕ್ಕಿತು. ಗಾಢ ಹಸಿರು.

ಚುನಾವಣೆಯ ದಿನ ಅವನ ಪಟ್ಟಿಯಲ್ಲಿ ಕನ್ನಡದವರ ತೊಂಬತ್ತಾರು ವೋಟು ಹಸಿರಾಗಿದ್ದವು. ಅರವತ್ತೊಂದು ವೋಟಿನಲ್ಲಿ ಸೋತ. ಗೆದ್ದವನು ನಿವೃತ್ತ ಬಸ್ ಡ್ರೈವರು. ಔಷಧಿಯ ವಿಷಯ ತನಗೆ ತಿಳಿಯದು, ಕಸ ಸರಿಯಾಗಿ ಎತ್ತಿಸುತ್ತೇನೆ ಎಂದಷ್ಟೇ ಹೇಳಿ, ಯಾರ ಮನೆಯಲ್ಲೂ ಕೂರದೆ ಮುಂದೆ ನಡೆದಿದ್ದ.

ಸೋತ ಮೇಲೂ ದರ್ಶನ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಕೂತಿದ್ದನಂತೆ. ಹೀಗೆಂದು ಹೇಳಿದವರು ಅಂಬುಜಾ. ಆ ಸಭೆಯಾದ ಮೇಲೆ ಅವರು ಹೇಮಲತಾ ಮನೆಗೆ ಬಂದದ್ದು ಅದೇ ಮೊದಲು. ಸೊಸೆ ಗೆಲುವಿನ ದಿನಕ್ಕೆಂದು ಹೊಲಿಸಿದ್ದ ಬ್ಲೌಸು ಒಯ್ಯಲು ಬಂದೆನೆಂದರು. ಬ್ಲೌಸು ಕೈಗೆ ಬಂದ ಮೇಲೂ ಹೋಗಲಿಲ್ಲ. ತನ್ನದೂ ಅಳತೆ ತೆಗೆಯಬೇಕೆಂದು ಪರದೆಯ ಹಿಂದೆ ಹೋಗಿ ನಿಂತರು.

“ನನ್ನ ಕೆಮ್ಮಣ್ಣಿಗಿಂತ ಚೆನ್ನಾಗಿದೆಯೇನೇ ಅದು?”

“ಬೆಡ್‌ಶೀಟು ಒಗೆಯೋ ಕೆಲಸ ಇಲ್ಲ. ಕೈ ಎತ್ತು.”

ಅಂಬುಜಾ ಎತ್ತಿದರು. ಟೇಪು ಬೆನ್ನು ಸುತ್ತಿ ಬಂತು.

“ವೋಟಿನ ದಿನ ಬೆಳಿಗ್ಗೆ ಅವನಿಗೆ ನಾನೂ ಕಾಫಿ ಕೊಟ್ಟೆ ಹೇಮಾ,” ಎಂದರು ಗೋಡೆಯ ಕಡೆ ನೋಡುತ್ತಾ. “ಎರಡು ಸಲ.”

ಹೇಮಲತಾ ಟೇಪು ಸುತ್ತಿಟ್ಟರು. ನೋಟ್‌ಬುಕ್ಕಿನಲ್ಲಿ ಅಂಬುಜಾ ಅವರ ಪುಟ ತೆರೆದು, ಮೂರಿಂಚು ಹೆಚ್ಚಿದ್ದನ್ನು ಎರಡು ಎಂದು ಬರೆದುಕೊಂಡು, ಯಂತ್ರದ ಕವಚ ತೆಗೆದರು.